ಕಿಟಕಿ ಸೀಟಿನ ಸರದಿ

ನಮ್ಮಪ್ಪ ಸ್ಕೂಲ್ ವ್ಯಾನ್ ಓಡಿಸುತ್ತಾರೆ. ಈ ಮಾತನ್ನು ಇಷ್ಟು ಸಲೀಸಾಗಿ ಹೇಳಲು ನನಗೆ ಇಪ್ಪತ್ತೊಂದು ವರ್ಷ ಬೇಕಾಯಿತು. ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿದ ಮೊದಲ ದಿನ ಎಲ್ಲರೂ ತಂದೆತಾಯಿಯ ಕೆಲಸ ಹೇಳಿಕೊಳ್ಳುವಾಗ ನಾನು "ಅಪ್ಪ ಸಾರಿಗೆ ವ್ಯವಹಾರದಲ್ಲಿದ್ದಾರೆ" ಎಂದಿದ್ದೆ. ಪಕ್ಕದಲ್ಲಿ ಕೂತವಳು ಕಣ್ಣರಳಿಸಿ "ಲಾರಿಗಳಾ?" ಅಂದಳು. ನಾನು ಕೇಳಿಸದವಳಂತೆ ಪೆನ್ನಿನ ಮುಚ್ಚಳ ಹುಡುಕತೊಡಗಿದೆ.

ಎರಡನೇ ವರ್ಷದಲ್ಲಿ ನಮಗೆಲ್ಲ ಒಂದು ಪ್ರಾಜೆಕ್ಟ್ ಕೊಟ್ಟರು. ಮಕ್ಕಳ ಆಲೋಚನೆ ಹೇಗೆ ಬೆಳೆಯುತ್ತದೆ, ಸರಿತಪ್ಪಿನ ತಿಳಿವಳಿಕೆ ಯಾವ ವಯಸ್ಸಿಗೆ ಎಷ್ಟು ಬರುತ್ತದೆ ಎಂದು ಪುಸ್ತಕಗಳಲ್ಲಿ ಸಿದ್ಧಾಂತಗಳಿವೆಯಲ್ಲ, ಅವುಗಳಲ್ಲಿ ಒಂದನ್ನು ನಿಜವಾದ ಮಕ್ಕಳ ಜೊತೆ ಒರೆಹಚ್ಚಿ ನೋಡಬೇಕಿತ್ತು. ನಾನು ಊರಿನ ದೊಡ್ಡ ಶಾಲೆಯೊಂದಕ್ಕೆ ಅರ್ಜಿ ಕೊಟ್ಟು ಮೂರು ವಾರ ಕಾದೆ. ಕೊನೆಗೆ "ಪರೀಕ್ಷೆ ಸಮಯ, ಸಾಧ್ಯವಿಲ್ಲ" ಎಂಬ ಒಂದು ಸಾಲಿನ ಉತ್ತರ ಬಂತು.

ಆ ಸಂಜೆ ನಾನು ಅಡುಗೆಮನೆಯ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದೆ. ಎದುರಿಗೆ ಅಪ್ಪ ದಪ್ಪ ಸೂಜಿಯಲ್ಲಿ ವ್ಯಾನಿನ ಸೀಟಿನ ಹರಿದ ಕವರು ಹೊಲಿಯುತ್ತಿದ್ದರು.

"ನನ್ನ ವ್ಯಾನಲ್ಲಿ ಹನ್ನೆರಡು ಮಕ್ಕಳಿದಾರೆ. ನಿನ್ನ ಪುಸ್ತಕಕ್ಕೆ ಅವರು ಆಗಲ್ವಾ?" ಅಂದರು.

"ಅಪ್ಪ, ಅದು ವ್ಯಾನು."

"ಸ್ಕೂಲ್ ಗೇಟ್ ದಾಟಿದ ಮೇಲೆ ಬೇರೆ ಮಕ್ಕಳಾಗಿಬಿಡ್ತಾರಾ?"

ಅಮ್ಮ ಒಲೆಯ ಕಡೆಯಿಂದಲೇ, "ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿದಾರಾ?" ಎಂದು ಒಗ್ಗರಣೆ ಹಾಕಿದರು.

ಬೇರೆ ದಾರಿಯಿರಲಿಲ್ಲ. ಅಪ್ಪನಿಗೆ ಸಿದ್ಧಾಂತ ವಿವರಿಸಿದೆ. ಚಿಕ್ಕ ಮಕ್ಕಳು, ಅಂದರೆ ಆರೇಳು ವರ್ಷದವರೆಗಿನವರು, ನಿಯಮ ಎಂದರೆ ದೊಡ್ಡವರು ಕೊಟ್ಟದ್ದು, ಅದನ್ನು ಅಲ್ಲಾಡಿಸುವಂತಿಲ್ಲ ಅಂದುಕೊಳ್ಳುತ್ತಾರೆ. ತಪ್ಪನ್ನು ಅಳೆಯುವಾಗ ಎಷ್ಟು ನಷ್ಟವಾಯಿತು ಅಂತ ನೋಡುತ್ತಾರೆಯೇ ಹೊರತು ಮಾಡಿದವರ ಮನಸ್ಸಲ್ಲಿ ಏನಿತ್ತು ಅಂತ ನೋಡುವುದಿಲ್ಲ. ಒಂಬತ್ತು ಹತ್ತರ ಹೊತ್ತಿಗೆ, ನಿಯಮ ನಾವೇ ಮಾಡಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಎಂಬುದು ಅರ್ಥವಾಗುತ್ತದೆ.

ಅಪ್ಪ ದಾರ ಕಚ್ಚಿ ಕತ್ತರಿಸಿದರು. "ಇರಬಹುದು. ಓದಿದವರು ಹೇಳಿದ್ದು ಅಂದ್ಮೇಲೆ ಸುಳ್ಳು ಯಾಕಿರುತ್ತೆ? ಆದ್ರೂ ಒಂದು ಸಲ ನೋಡೋಣ."

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನೋಟ್‌ಬುಕ್ ಹಿಡಿದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತೆ. ಚಿಕ್ಕವಳಿದ್ದಾಗ ಎಷ್ಟೋ ಸಲ ಕೂತ ಸೀಟು, ಆದರೆ ಹಿಂದೆ ತಿರುಗಿ ಸರಿಯಾಗಿ ನೋಡಿದ್ದು ಅವತ್ತೇ. ವ್ಯಾನು ಹಳೆಯದು. ಕಿಟಕಿಗಳು ಎಂಟಿದ್ದರೂ ನಾಲ್ಕರ ಚೌಕಟ್ಟು ತುಕ್ಕು ಹಿಡಿದು ಗಾಜು ಕಚ್ಚಿಕೊಂಡಿತ್ತು. ತೆಗೆಯಲು ಬರುತ್ತಿದ್ದದ್ದು ನಾಲ್ಕೇ. ಹನ್ನೆರಡು ಮಕ್ಕಳು, ನಾಲ್ಕು ಕಿಟಕಿ. ಅಪ್ಪನ ಸೀಟಿನ ಬೆನ್ನಿಗೆ ಒಂದು ರಟ್ಟು ಅಂಟಿಸಿತ್ತು. ಓದಲು ಬಾರದವರೂ ಇದ್ದದ್ದರಿಂದ ರಟ್ಟಿನ ಮೇಲೆ ಹೆಸರಿನ ಬದಲು ಹನ್ನೆರಡು ಚಿತ್ರಗಳು. ಮೀನು, ಛತ್ರಿ, ಗಡಿಯಾರ, ಹೀಗೆ. ಪಕ್ಕದಲ್ಲಿ ನಾಲ್ಕು ಬಟ್ಟೆ ಕ್ಲಿಪ್ಪು. ಪ್ರತಿದಿನ ಕ್ಲಿಪ್ಪುಗಳು ಕೆಳಗಿನ ನಾಲ್ಕು ಚಿತ್ರಕ್ಕೆ ಇಳಿಯುತ್ತವೆ. ಕ್ಲಿಪ್ಪು ಯಾರ ಚಿತ್ರಕ್ಕಿದೆಯೋ ಅವತ್ತು ಅವರಿಗೆ ಕಿಟಕಿ.

"ಇದನ್ನ ನೀವು ಮಾಡಿದ್ದಾ?" ಎಂದು ಅಪ್ಪನನ್ನು ಕೇಳಿದೆ.

"ನಾನೆಲ್ಲಿ? ಎರಡು ವರ್ಷದ ಹಿಂದೆ ದಿನಾ ಕಿಟಕಿಗೋಸ್ಕರ ಕುರುಕ್ಷೇತ್ರ. ಒಂದಿನ ಇಂಜಿನ್ ಆಫ್ ಮಾಡಿ, ನೀವೇ ಕೂತು ಬಗೆಹರಿಸ್ಕೊಳ್ಳಿ, ಅಲ್ಲೀತನಕ ಗಾಡಿ ಹೊರಡಲ್ಲ ಅಂದೆ. ಹದಿನೆಂಟು ನಿಮಿಷ ಲೇಟು. ಹೆಡ್ ಮೇಡಂ ಹತ್ರ ಮಂಗಳಾರತಿ ಆಯ್ತು ನನಗೆ."

ಅಪ್ಪ ಪ್ರತಿ ಮಗುವಿಗೂ ಒಂದು ಅಡ್ಡಹೆಸರಿಟ್ಟಿದ್ದರು. ಎಲ್ಲರಿಗಿಂತ ಚಿಕ್ಕವನು ಐದು ವರ್ಷದ ಗುಬ್ಬಿ. ಆರು ವರ್ಷದ ಚೂಟಿ ಹುಡುಗಿ ಮೆಣಸಿನಕಾಯಿ. ಒಂಬತ್ತು ವರ್ಷದ, ಮಾತಿಗೆ ಮಾತು ಜೋಡಿಸುವ ಹುಡುಗ ವಕೀಲ. ಮಕ್ಕಳಿಗೆ ಅವರು ವ್ಯಾನ್ ಮಾಮ. ನಾನು ಅಂದಿನಿಂದ ಬರೆಯೋ ಅಕ್ಕ.

ಶಾಲೆ ಬಿಟ್ಟು ಮರಳುವಾಗ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕಥೆ ಹೇಳಿದೆ. ಒಬ್ಬ ಹುಡುಗಿ ಗಿಡಕ್ಕೆ ನೀರು ಹಾಕಿ ಅಮ್ಮನಿಗೆ ಸಹಾಯ ಮಾಡಲು ಹೋಗಿ, ಕಾಲು ಜಾರಿ ದೊಡ್ಡ ಹೂಕುಂಡ ಒಡೆದಳು. ಇನ್ನೊಬ್ಬಳು ಸಿಟ್ಟಿನಲ್ಲಿ ಬೇಕೆಂದೇ ಸಣ್ಣ ಲೋಟ ಎಸೆದು ಒಡೆದಳು. ಯಾರದು ದೊಡ್ಡ ತಪ್ಪು?

"ಹೂಕುಂಡ," ಅಂದ ಗುಬ್ಬಿ. "ಅದು ದೊಡ್ಡದು. ತುಂಬಾ ಚೂರಾಗುತ್ತೆ."

ಮೆಣಸಿನಕಾಯಿ ಸ್ವಲ್ಪ ಯೋಚಿಸಿ ಅದನ್ನೇ ಹೇಳಿದಳು. ವಕೀಲ ಮಾತ್ರ "ಲೋಟದವಳು, ಬೇಕಂತ ಮಾಡಿದ್ದಲ್ವಾ?" ಎಂದ.

"ಕ್ಲಿಪ್ಪಿನ ರೂಲ್ಸ್ ಬದಲಾಯಿಸಬಹುದಾ?" ಎಂದು ಕೇಳಿದೆ.

ಗುಬ್ಬಿ ಗಾಬರಿಯಾದ. "ಪೊಲೀಸ್ ಬರ್ತಾರೆ."

ಪುಸ್ತಕದಲ್ಲಿದ್ದದ್ದು ಅಕ್ಷರ ಅಕ್ಷರ ಹೊಂದುತ್ತಿತ್ತು. ನನಗೆ ಖುಷಿಯೋ ಖುಷಿ. ಮನೆಗೆ ಬಂದವಳೇ "ನೋಡಿದ್ರಾ ಅಪ್ಪ? ಪುಸ್ತಕ ಗೆಲ್ತು" ಅಂದೆ. ಅಪ್ಪ "ಒಳ್ಳೇದಾಯ್ತಲ್ಲ" ಎಂದರು. ಮುಖ ಮಾತ್ರ ಕೊಂಚ ಚಿಕ್ಕದಾಗಿತ್ತು. ತನ್ನ ಮಕ್ಕಳು ನನ್ನ ಕೈಯಲ್ಲಿ ಫೇಲಾದರು ಅನ್ನಿಸಿರಬೇಕು.

ಗುರುವಾರ ಹೊಸಬಳೊಬ್ಬಳು ಬಂದಳು. ಏಳು ವರ್ಷ, ಬೇರೆ ಶಾಲೆಯಿಂದ ಬಂದವಳು, ಬಾಯಲ್ಲಿ ಬೆರಳಿಟ್ಟರೂ ಕಚ್ಚದಷ್ಟು ಸಾಧು. ನಡುವಿನ ಸೀಟಿನಲ್ಲಿ ಕೂತಳು. ಮೂರನೇ ತಿರುವಿನಲ್ಲಿ ಅವಳಿಗೆ ವಾಂತಿಯಾಯಿತು. ಮಕ್ಕಳೆಲ್ಲ ಮೂಗು ಹಿಡಿದು ಕಿರುಚಿದರು. ಅಪ್ಪ ಗಾಡಿ ನಿಲ್ಲಿಸಿ, ಸೀಟಿನ ಕೆಳಗಿನಿಂದ ಹಳೇ ಪೇಪರು, ನೀರಿನ ಕ್ಯಾನು ತೆಗೆದು ತೊಳೆದರು. ಅವಳ ಮುಖವನ್ನೂ ತಾವೇ ಒರೆಸಿದರು. ಶುಕ್ರವಾರವೂ ಹಾಗೇ ಆಯಿತು. ಈ ಸಲ ಅವಳ ಯೂನಿಫಾರಂ ಮೇಲೆಯೇ.

ಅವಳ ತಾಯಿ ಸಂಜೆ ಗೇಟಿನ ಹತ್ತಿರ ನಿಂತು ಕೇಳಿಕೊಂಡರು. "ಗಾಳಿ ಬಂದ್ರೆ ಏನೂ ಆಗಲ್ಲ ಅವಳಿಗೆ. ದಿನಾ ಕಿಟಕಿ ಹತ್ರ ಕೂರಿಸ್ತೀರಾ ಅಣ್ಣ?"

"ಮಕ್ಕಳನ್ನ ಒಂದು ಮಾತು ಕೇಳ್ಬೇಕಮ್ಮ," ಅಂದರು ಅಪ್ಪ.

ನನಗೆ ರೇಗಿತು. ಆ ಹೆಂಗಸು ಹೋದಮೇಲೆ ಬೈದೇಬಿಟ್ಟೆ. "ಕೇಳೋದೇನಿದೆ ಅಪ್ಪ? ಕೂರಿಸಿದ್ರಾಯ್ತು. ಅರ್ಧಕ್ಕರ್ಧ ಮಕ್ಕಳು ಏಳು ವರ್ಷದೊಳಗಿನವರು. ಅವರಿಗೆ ಇದೆಲ್ಲ ತಿಳಿಯೋ ವಯಸ್ಸಲ್ಲ ಅಂತ ನಾನೇ ಬರ್ಕೊಂಡಿದೀನಿ."

"ನಾನು ಹೇಳಿದ್ರೆ ಕೇಳ್ತಾರೆ ಕಣಮ್ಮ. ಅದರಲ್ಲಿ ಅನುಮಾನ ಇಲ್ಲ. ಆದ್ರೆ ದಿನಾ ಆ ಮಗೂನ ಕೆಂಗಣ್ಣಲ್ಲಿ ನೋಡ್ತಾರೆ. ಕಿಟಕಿ ನಾನು ಕೊಡಿಸಬಹುದು, ಸ್ನೇಹ ಕೊಡಿಸೋಕಾಗುತ್ತಾ?"

ನಾನು ಮೂತಿ ತಿರುಗಿಸಿಕೊಂಡೇ ಮನೆಗೆ ಬಂದೆ.

ಅಪ್ಪ ಎಲ್ಲ ಮನೆಗಳಿಗೂ ಫೋನ್ ಮಾಡಿ ಸೋಮವಾರ ಕಾಲು ಗಂಟೆ ಮುಂಚೆ ಬರುತ್ತೇನೆಂದು ಹೇಳಿದರು. ಅವತ್ತು ಎಲ್ಲರನ್ನೂ ಹತ್ತಿಸಿಕೊಂಡು, ಶಾಲೆಗೆ ಇನ್ನೊಂದು ತಿರುವು ಇದೆ ಅನ್ನುವಾಗ ಆಟದ ಮೈದಾನದ ಪಕ್ಕ ನಿಲ್ಲಿಸಿ ಇಂಜಿನ್ ಆಫ್ ಮಾಡಿದರು. ಹಿಂದಕ್ಕೆ ತಿರುಗಿ ಕೂತರು.

"ಒಂದು ಕಷ್ಟ ಬಂದಿದೆ. ಈ ಹೊಸಬಳಿಗೆ ಗಾಳಿ ಸಿಗದಿದ್ರೆ ವಾಂತಿ ಆಗುತ್ತೆ. ದಿನಾ ಕಿಟಕಿ ಬೇಕು. ಏನು ಮಾಡೋಣ?"

"ಆಗಲ್ಲ!" ಅಂದ ಗುಬ್ಬಿ. ಕಣ್ಣಲ್ಲಿ ಆಗಲೇ ನೀರು. "ರೂಲ್ಸ್ ರೂಲ್ಸೇ."

ವಕೀಲ ಎದ್ದು ನಿಂತ. "ಎಲ್ರೂ ಒಪ್ಪಿದ್ರೆ ಬದಲಾಯಿಸಬಹುದು. ನಾವೇ ಮಾಡಿದ್ದು."

"ನೀನು ಒಪ್ಕೋತೀಯ, ಇವತ್ತು ಕ್ಲಿಪ್ಪು ನಿಂದಲ್ವಲ್ಲ!" ಮೆಣಸಿನಕಾಯಿ ಅವನ ಮೇಲೆ ಹರಿಹಾಯ್ದಳು. ಅವತ್ತು ಕಿಟಕಿ ಅವಳದು. "ನಾನು ಎರಡು ದಿನ ಕಾದಿದೀನಿ. ಅವಳಿಗೆ ಒಂದು ಕಿಟಕಿ ಕೊಟ್ಟುಬಿಟ್ರೆ ಉಳಿಯೋದು ಮೂರು. ಆಗ..." ಬೆರಳು ಮಡಚಿ ಎಣಿಸಿದಳು, ಮತ್ತೆ ಬಿಚ್ಚಿ ಎಣಿಸಿದಳು. "ಆಗ ಎಲ್ರೂ ಮೂರು ದಿನ ಕಾಯಬೇಕು!"

ಲೆಕ್ಕ ಸರಿಯಿತ್ತು. ವ್ಯಾನಿನಲ್ಲಿ ಗಲಾಟೆಯೆದ್ದಿತು. ನಾನು ಗಡಿಯಾರ ನೋಡಿದೆ, ಅಪ್ಪನನ್ನು ನೋಡಿದೆ. ಅವರು ಸ್ಟೀರಿಂಗಿಗೆ ಒರಗಿ, ಯಾರೋ ಹಾಡುತ್ತಿರುವುದನ್ನು ಕೇಳುವವರ ಹಾಗೆ ಕೂತಿದ್ದರು. ಹೊಸಬಳು ಚೀಲದಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಮೆಣಸಿನಕಾಯಿ ಅವಳ ಕಡೆ ಬಗ್ಗಿದಳು. ಜಗಳಕ್ಕೇ ಅಂದುಕೊಂಡೆ. "ಏಯ್, ನಿಂಗೆ ಹೇಗಾಗುತ್ತೆ ಆಗ?" ಎಂದು ಕೇಳಿದಳು. ನಿಜಕ್ಕೂ ತಿಳಿದುಕೊಳ್ಳಬೇಕಿತ್ತು ಅವಳಿಗೆ.

ಚೀಲದೊಳಗಿಂದಲೇ ಉತ್ತರ ಬಂತು. "ಬಾಯಿ ತುಂಬಾ ಉಪ್ಪು ನೀರು ಬರುತ್ತೆ. ಬೇಡ ಬೇಡ ಅಂದ್ರೂ ಬರುತ್ತೆ. ಆಮೇಲೆ ನೀವೆಲ್ಲ ಮೂಗು ಮುಚ್ಕೋತೀರಿ."

ಹಿಂದಿನ ಸೀಟಿನಲ್ಲಿ ಇಬ್ಬರು ತಲೆ ತಗ್ಗಿಸಿದರು.

"ನಮ್ಮಜ್ಜಿ ದಿನಾ ಮಾತ್ರೆ ತಗೋತಾರೆ," ಅಂದಳು ಮೆಣಸಿನಕಾಯಿ ನಿಧಾನಕ್ಕೆ. ತನಗೆ ತಾನೇ ಹೇಳಿಕೊಳ್ಳುತ್ತಿದ್ದಂತಿತ್ತು. "ಇವತ್ತು ನಂಗೆ, ನಾಳೆ ನಿಂಗೆ ಅಂತ ಕೇಳಲ್ಲ ನಾವು. ಇವಳಿಗೆ ಕಿಟಕಿ ಮಾತ್ರೆ ಇದ್ದಂಗೆ." ಆಮೇಲೆ ಎದ್ದು, ತನ್ನ ಜಾಗ ಬಿಟ್ಟು, "ಬಾ ಈ ಕಡೆ" ಎಂದಳು.

ಗುಬ್ಬಿ ವಕೀಲನ ತೋಳು ಜಗ್ಗಿದ. "ಪೊಲೀಸ್ ಬರಲ್ವಾ?"

"ನಮ್ಮ ರೂಲ್ಸ್ ಪೊಲೀಸಿಗೆ ಗೊತ್ತೇ ಇಲ್ವಲ್ಲೋ!"

ಎಲ್ಲರೂ ನಕ್ಕರು, ಗುಬ್ಬಿಯೂ ಮೂಗೊರೆಸಿಕೊಂಡು ನಕ್ಕ. ಕೈ ಎತ್ತಿಸಿ ಕೇಳಿದಾಗ ಅವನ ಕೈ ಎಲ್ಲರಿಗಿಂತ ಕೊನೆಗೆ, ಮೊಣಕೈವರೆಗೆ ಮಾತ್ರ ಎದ್ದಿತು. ಅಪ್ಪ ಒಂದು ಕ್ಲಿಪ್ಪು ತೆಗೆದು ಜೇಬಿಗೆ ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿದರು. ನಾನು ಬರೆದುಕೊಳ್ಳುವುದನ್ನೇ ಮರೆತಿದ್ದೆ. ಆಮೇಲೆ ನೆನಪಾಗಿ, ಕುಲುಕಾಟದಲ್ಲಿ ಅಕ್ಷರ ಸೊಟ್ಟಗಾಗುತ್ತಿದ್ದರೂ ಪ್ರತಿ ಮಾತನ್ನೂ ಬರೆದೆ.

ಇಷ್ಟಕ್ಕೇ ಮುಗಿಯಲಿಲ್ಲ. ವಾರ ಕಳೆಯುವುದರೊಳಗೆ ಗುಬ್ಬಿಯ ತಂದೆ ಶಾಲೆಗೆ ದೂರು ಕೊಟ್ಟರು. ಹೊಸದಾಗಿ ಬಂದ ಹುಡುಗಿಗೆ ಡ್ರೈವರ್ ದಿನಾ ಕಿಟಕಿ ಕೊಡುತ್ತಾನೆ, ತಮ್ಮ ಮಗನ ಸರದಿ ಹಿಂದೆ ಬಿತ್ತು ಎಂದು. ಹೆಡ್ ಮೇಡಂ ಅಪ್ಪನನ್ನು ಕರೆಸಿದರು. ನಾನೂ ಜೊತೆಗೆ ಹೋದೆ. ಕೋಣೆಯಲ್ಲಿ ಎರಡು ಕುರ್ಚಿ ಖಾಲಿಯಿದ್ದವು. ಮೇಡಂ ನನ್ನನ್ನು ಕೂರಲು ಹೇಳಿದರು. ಅಪ್ಪ ನಿಂತೇ ಇದ್ದರು. ನಾನೂ ಕೂರಲಿಲ್ಲ.

"ಸೋಮವಾರದಿಂದ ಸೀಟಿಗೆಲ್ಲ ನಂಬರ್ ಹಾಕಿಬಿಡಿ. ಯಾರು ಮೊದಲು ಸೇರಿದ್ರೋ ಅವರಿಗೆ ಮೊದಲ ಸೀಟು. ರಗಳೆಯೇ ಇರಲ್ಲ," ಎಂದರು ಮೇಡಂ.

"ಆ ಮಗುಗೆ ಮತ್ತೆ ನಡುವಿನ ಸೀಟೇ ಬರುತ್ತೆ ಮೇಡಂ."

"ಏನು ಮಾಡೋದು? ಮಕ್ಕಳಿಗೆ ಬಿಟ್ರೆ ಹೀಗೇ ಆಗೋದು. ಅವರಿಗೇನು ತಿಳಿಯುತ್ತೆ?"

ಅಪ್ಪ ದನಿ ಏರಿಸುವವರಲ್ಲ. ಅವತ್ತೂ ಏರಿಸಲಿಲ್ಲ. "ನೀವು ದೊಡ್ಡವರು, ನೀವು ಹೇಳಿದಂಗೇ ಮಾಡ್ತೀನಿ. ಅದಕ್ಕೆ ಮುಂಚೆ ಒಂದೇ ಒಂದು ಸಲ ಬಂದು ಅವರನ್ನೇ ಕೇಳಿ. ದೂರು ಕೊಟ್ಟವರ ಮಗನನ್ನೇ ಕೇಳಿ."

ಮೇಡಂ ಕನ್ನಡಕ ತೆಗೆದು ಅಪ್ಪನನ್ನು ನೋಡಿದರು. ಅದೇನು ಅನ್ನಿಸಿತೋ, ಶಾಲೆ ಬಿಡುವ ಹೊತ್ತಿಗೆ ಗೇಟಿಗೆ ಬಂದರು. ವ್ಯಾನಿನ ಬಾಗಿಲಲ್ಲಿ ಬಗ್ಗಿ ನಿಂತರು. ಮಕ್ಕಳು ಉಸಿರು ಬಿಗಿ ಹಿಡಿದರು.

"ಪುಟ್ಟ, ಈ ಹುಡುಗಿಗೆ ದಿನಾ ಕಿಟಕಿ ಯಾಕೆ? ಡ್ರೈವರ್ ಮಾಮ ಹೇಳಿದ್ರಾ?"

ಗುಬ್ಬಿ ನಡುವಿನ ಸೀಟಿನಲ್ಲಿದ್ದ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಒಮ್ಮೆ ಹೊಸಬಳನ್ನು ನೋಡಿದ, ಆಮೇಲೆ ಮೇಡಂ ಕಡೆ ತಿರುಗಿದ. "ಮಾಮ ಹೇಳಿಲ್ಲ. ನಾವು ಹೇಳಿದ್ದು."

"ನಿನಗೆ ಬೇಜಾರಾಗಲ್ವಾ?"

"ಆಗುತ್ತೆ." ಕಾಲು ಆಡಿಸುತ್ತ ಸೇರಿಸಿದ, "ಆದ್ರೆ ನಂಗೆ ಬೇಜಾರು ಅಷ್ಟೇ. ಅವಳಿಗೆ ಹೊಟ್ಟೆ."

ಮೇಡಂ ನೆಟ್ಟಗೆ ನಿಂತರು. ಅಪ್ಪನ ಕಡೆ ತಿರುಗಿ, "ನಂಬರ್ ಬೇಡ ಬಿಡಿ. ಇವನ ತಂದೆ ಹತ್ರ ನಾನು ಮಾತಾಡ್ತೀನಿ," ಎಂದು ಹೊರಟುಹೋದರು. ನನ್ನಪ್ಪ ಟವೆಲಿನಲ್ಲಿ ಸುಮ್ಮಸುಮ್ಮನೆ ಮುಂದಿನ ಗಾಜು ಒರೆಸತೊಡಗಿದರು. ಅದು ಸ್ವಚ್ಛವಾಗೇ ಇತ್ತು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ಆ ಸಂಜೆ ಗುಬ್ಬಿಗೆ ನನ್ನ ಹೂಕುಂಡದ ಕಥೆಯನ್ನು ಮತ್ತೆ ಹೇಳಿದೆ. ಈಗ ಬೇರೆ ಉತ್ತರ ಕೊಡುತ್ತಾನೆ ಎಂದು ನನಗೆ ಖಾತ್ರಿಯಿತ್ತು. "ಹೂಕುಂಡದವಳದೇ ದೊಡ್ಡ ತಪ್ಪು," ಎಂದ. ನಾನು ತಬ್ಬಿಬ್ಬಾದೆ. ಅದೇ ಹುಡುಗ, ಅದೇ ತಲೆ! ಎರಡು ದಿನ ಅದನ್ನೇ ಯೋಚಿಸಿದೆ. ನನ್ನ ಕಥೆಯ ಹುಡುಗಿ ಅವನಿಗೆ ಯಾರೂ ಅಲ್ಲ. ಅವಳ ಮುಖ ಅವನು ನೋಡಿಲ್ಲ, ಕಂಡದ್ದು ಚೂರುಗಳು ಮಾತ್ರ. ಹೊಸಬಳಾದರೆ ಪಕ್ಕದಲ್ಲೇ ಕೂತಿದ್ದಾಳೆ, ಉಪ್ಪು ನೀರಿನ ಮಾತು ಹೇಳಿದ್ದಾಳೆ. ಅವಳ ವಿಷಯದಲ್ಲಿ ಕೈ ಎತ್ತಲು ಅವನಿಗೊಂದು ಅವಕಾಶ ಸಿಕ್ಕಿತ್ತು. ಪುಸ್ತಕ ಸುಳ್ಳಾಗಲಿಲ್ಲ, ಅಪ್ಪನೂ ಸೋಲಲಿಲ್ಲ. ಪ್ರಾಜೆಕ್ಟಿನಲ್ಲಿ ಎರಡನ್ನೂ ಇದ್ದ ಹಾಗೇ ಬರೆದೆ. ಒಂದನ್ನು ಮುಚ್ಚಿಟ್ಟಿದ್ದರೆ ಪುಟಗಳು ಅಂದವಾಗಿ ಹೊಂದಿಕೊಳ್ಳುತ್ತಿದ್ದವು. ಆದರೆ ಮನಸ್ಸು ಒಪ್ಪಲಿಲ್ಲ.

ಕಾಲೇಜಿನಲ್ಲಿ ಪ್ರಾಜೆಕ್ಟ್ ಒಪ್ಪಿಸುವ ದಿನ ಹೊರಗಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದಿದ್ದರು. ಬಿಳಿ ಹುಬ್ಬಿನ, ನಗದ ಮನುಷ್ಯ. ಬೇರೆಯವರು ದೊಡ್ಡ ದೊಡ್ಡ ಶಾಲೆಗಳ ಫೋಟೋ ತೋರಿಸಿದ್ದರು. ನಾನು ರಟ್ಟಿನ ಚಿತ್ರ ತೋರಿಸಿ, ಸೊಟ್ಟ ಅಕ್ಷರದ ನೋಟ್‌ಬುಕ್ಕಿನಿಂದ ಮಕ್ಕಳ ಮಾತುಗಳನ್ನು ಓದಿದೆ. "ನಂಗೆ ಬೇಜಾರು ಅಷ್ಟೇ, ಅವಳಿಗೆ ಹೊಟ್ಟೆ" ಎಂದು ಓದಿದಾಗ ಆ ಬಿಳಿ ಹುಬ್ಬು ಮೇಲೇರಿತು.

"ಈ ಸರದಿ, ಈ ಚರ್ಚೆ, ಮಕ್ಕಳ ಕೈಗೇ ತೀರ್ಮಾನ ಬಿಡೋದು. ಇದು ಬಹಳ ಯೋಚಿಸಿ ಮಾಡಿದ ಪ್ರಯೋಗ. ಯಾವ ತಜ್ಞರ ಮಾರ್ಗದರ್ಶನ?" ಎಂದು ಕೇಳಿದರು.

ತರಗತಿಯ ನಲವತ್ತು ಜನರೂ ನನ್ನನ್ನೇ ನೋಡುತ್ತಿದ್ದರು. ಮೊದಲ ದಿನ ಪಕ್ಕದಲ್ಲಿ ಕೂತಿದ್ದವಳೂ.

"ವ್ಯಾನ್ ಡ್ರೈವರ್‌ದು ಸಾರ್," ಎಂದೆ. "ನಮ್ಮಪ್ಪ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಇಪ್ಪತ್ತೆರಡು ವರ್ಷದಿಂದ ಸ್ಕೂಲ್ ವ್ಯಾನ್ ಓಡಿಸ್ತಿದಾರೆ."

ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಅವರನ್ನ ನಾನು ನೋಡ್ಬೇಕಲ್ಲ."

ಅಪ್ಪ ನನ್ನನ್ನು ಕರೆದೊಯ್ಯಲು ಕಾಲೇಜಿನ ಹೊರಗೇ ಇದ್ದರು. ಪರೀಕ್ಷಕರು ತಾವಾಗಿಯೇ ಮೆಟ್ಟಿಲಿಳಿದು ಬಂದು ಕೈ ಚಾಚಿದರು. ಅಪ್ಪ ಗಡಿಬಿಡಿಯಲ್ಲಿ ಗ್ರೀಸಾದ ಕೈಯನ್ನು ಪ್ಯಾಂಟಿಗೆ ಉಜ್ಜಿಕೊಂಡು ಕೈ ಕೊಟ್ಟರು.

"ಇದನ್ನೆಲ್ಲ ಎಲ್ಲಿ ಕಲಿತ್ರಿ?"

"ಕಲಿಯೋದೇನು ಬಂತು ಸಾರ್? ಗಲಾಟೆ ತಡೀಲಾರದೆ ಮಾಡಿದ್ದು."

ನಗದ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ದಿನ ಬಂದು ನಮ್ಮ ತರಗತಿಗೆ ಮಾತಾಡಲೇಬೇಕು ಎಂದು ಹಟ ಹಿಡಿದರು.

ಅಪ್ಪ ಒಂದು ಶನಿವಾರ ಬಂದರು. ಇಸ್ತ್ರಿ ಮಾಡಿದ ನೀಲಿ ಅಂಗಿ, ತಣ್ಣೀರು ಹಚ್ಚಿ ಬಾಚಿದ ತಲೆ. ಅವರನ್ನು ಪರಿಚಯಿಸುವ ಕೆಲಸ ನನ್ನದೇ. ಬರೆದುಕೊಂಡು ಹೋಗಿದ್ದ ಚೀಟಿ ನೋಡದೆಯೇ ಹೇಳಿದೆ. ಅಪ್ಪ ಅರ್ಧ ಗಂಟೆ ಮಾತಾಡಿದರು, ಮನೆಯಲ್ಲಿ ಊಟಕ್ಕೆ ಕೂತು ಮಾತಾಡುವಂತೆಯೇ. ಕೊನೆಗೆ ಒಬ್ಬ ಹುಡುಗ ಎದ್ದು ಕೇಳಿದ, "ಮಕ್ಕಳು ತಪ್ಪು ತೀರ್ಮಾನ ಮಾಡಿಬಿಟ್ರೆ?"

"ಮಾಡ್ತಾರಪ್ಪ, ಎಷ್ಟೋ ಸಲ ಮಾಡಿದಾರೆ. ಮಾರನೇ ದಿನ ಯಾರೋ ಒಬ್ರು ಅಳ್ತಾರೆ. ಆಗ ಮತ್ತೆ ಕೂರಿಸೋದು. ನಾವು ದೊಡ್ಡವರು ಮಾಡಿದ ತೀರ್ಮಾನಗಳೆಲ್ಲ ಸರಿಯಾಗೇ ಇದ್ವಾ?"

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಅಪ್ಪ ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದರು. ನಾನು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದೆ. ಹೊರಗೆ ಬಂದಾಗ ಗೆಳತಿಯರು ಸುತ್ತುವರಿದರು. ಒಬ್ಬೊಬ್ಬರ ಕೈ ಹಿಡಿದು ಎಳೆತಂದು, "ಇವರು ನಮ್ಮಪ್ಪ" ಎಂದು ತೋರಿಸಿದೆ. ಅರ್ಧ ಗಂಟೆ ಅವರ ಮಾತು ಕೇಳಿ ಬಂದವರಿಗೆ ಮತ್ತೆ ಹೇಳುವ ಅಗತ್ಯವೇನೂ ಇರಲಿಲ್ಲ.